ನಟ್ ತಿರುವಿ ಕಳಿಸಬೇಡಿ, ಗಾಲಿ ಬಿಚ್ಚಿ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಮ್ಮದು ಕೊಪ್ಪಳ ಜಿಲ್ಲೆ ಕಾರಟಗಿ ತಾಲ್ಲೂಕಿನ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ನಾಲೆಯ ನೀರಿನಿಂದ ಭತ್ತ ಬೆಳೆದು ಬದುಕುವ ಊರು. ನಾನು ಅಂಗನವಾಡಿ ಕಾರ್ಯಕರ್ತೆ. ಕಳೆದ ಮುಂಗಾರಿನ ನಾಟಿ ಹೊತ್ತಿನಲ್ಲಿ ನನ್ನ ಮಗ ಸಿದ್ದಾಪುರದ ಕಡೆಯಿಂದ ಕಾರಟಗಿಗೆ ಬರುವಾಗ ಬೈಕಿನಿಂದ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡ. ವೇಗ ಇರಲಿಲ್ಲ. ಎದುರಿಗೆ ಗಾಡಿ ಇರಲಿಲ್ಲ. ಎಮ್ಮೆಯೊಂದು ಅಡ್ಡ ಬಂತು, ಹಿಂದಿನ ಬ್ರೇಕ್ ಒತ್ತಿದ, ಹಿಡಿಯಲಿಲ್ಲ. ಜೋರಾಗಿ ತುಳಿದ. ಗಾಲಿ ಗಕ್ಕನೆ ನಿಂತೇಬಿಟ್ಟಿತು. ಕೆಸರು ಮೆತ್ತಿದ ಡಾಂಬರಿನ ಮೇಲೆ ಬೈಕ್ ಅಡ್ಡಡ್ಡ ಜಾರಿತು.

ನೋಡಿದವರೆಲ್ಲ ರಸ್ತೆಯ ಕೆಸರಿಗೆ ಬೈದರು. ಅದು ಅರ್ಧ ನಿಜ. ಉಳಿದರ್ಧ ಆ ಗಾಲಿಯ ಹೊಟ್ಟೆಯೊಳಗೆ ಇತ್ತು. ಅದನ್ನು ನಾನೇ ಬಿಚ್ಚಿ ಕಣ್ಣಾರೆ ಕಂಡಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸದೆ ಹಾಕಿ. ನಮ್ಮ ಭಾಗದಲ್ಲಿ ಬೈಕ್ ಇಲ್ಲದ ಮನೆ ಈಗ ಅಪರೂಪ.

ಬೀಳುವುದಕ್ಕೆ ಹದಿನೈದು ದಿನ ಮೊದಲೇ ಬೈಕು ಹೇಳುತ್ತಿತ್ತು, ನಾವು ಕೇಳಿಸಿಕೊಳ್ಳಲಿಲ್ಲ. "ಯವ್ವಾ, ಪೆಟ್ರೋಲ್ ಭಾಳ ಕುಡಿಯಾಕತ್ತೈತಿ" ಎಂದು ಮಗ ಎರಡು ಸಲ ಅಂದಿದ್ದ. ಸಂಜೆ ಅಂಗಳಕ್ಕೆ ತಂದು ನಿಲ್ಲಿಸಿದ ಮೇಲೆ ಪೆಡಲ್ ಬಿಟ್ಟಿದ್ದರೂ ಹಿಂದಿನ ಕೆಂಪು ಲೈಟು ಉರಿಯುತ್ತಲೇ ಇರುತ್ತಿತ್ತು. ಕಾಲಿನಿಂದ ಪೆಡಲ್ ಮೇಲಕ್ಕೆ ಎತ್ತಿದರೆ ಆರುತ್ತಿತ್ತು. ಒಮ್ಮೆ ಅಂಗಳಕ್ಕೆ ನೀರು ಚಿಮುಕಿಸುವಾಗ ಹಿಂದಿನ ಗಾಲಿಯ ನಡುಭಾಗದ ಹಬ್ ಮೇಲೆ ನಾಲ್ಕು ಹನಿ ಬಿದ್ದು ಚುಯ್ ಎಂದು ಆವಿಯಾದವು. ಮುಂದಿನ ಹಬ್ ತಣ್ಣಗಿತ್ತು. ನನ್ನ ಅಪ್ಪ ಪಂಪ್‌ಸೆಟ್ ಇಂಜಿನ್ ರಿಪೇರಿ ಮಾಡುತ್ತಿದ್ದವನು. ಹದಿನಾರು ವರ್ಷದ ತನಕ ಅವನ ಕೈಗೆ ಪಾನಾ ಎತ್ತಿಕೊಡುತ್ತಾ ಬೆಳೆದವಳು ನಾನು. ಸುಮ್ಮನಿರುವ ಲೋಹ ಕಾಯುವುದಿಲ್ಲ, ಎಲ್ಲೋ ಉಜ್ಜುತ್ತಿದ್ದರೆ ಮಾತ್ರ ಕಾಯುತ್ತದೆ ಎಂಬುದು ನನಗೆ ಗೊತ್ತಿತ್ತು.

ಮಗನ ಜೊತೆ ಗ್ಯಾರೇಜಿಗೆ ನಾನೂ ಹೋದೆ. ಯಾವ ಗ್ಯಾರೇಜು ಎಂದು ಬರೆಯುವುದಿಲ್ಲ, ಒಬ್ಬರನ್ನು ದೂರುವುದು ನನ್ನ ಉದ್ದೇಶವಲ್ಲ. ಆತ ಪೆಡಲ್ ಒತ್ತಿ ನೋಡಿದ, ಅರ್ಧದ ತನಕ ಖಾಲಿ ಹೋಗುತ್ತಿತ್ತು. ಹಿಂದೆ ಕೂತು ರಾಡಿನ ತುದಿಯ ನಟ್ಟನ್ನು ನಾಲ್ಕು ಸುತ್ತು ತಿರುವಿದ. "ಟೈಟ್ ಆತು ನೋಡಪಾ, ಹೋಗ್" ಅಂದ. "ಒಮ್ಮೆ ಗಾಲಿ ಬಿಚ್ಚಿ ನೋಡ್ರಿ, ಹಬ್ ಕಾಯಾಕತ್ತೈತಿ" ಎಂದೆ. "ಅಕ್ಕಾರ, ನಾಟಿ ಸೀಜನ್ನಾಗ ಬಿಚ್ಚಾಕ ಟೈಮ್ ಎಲ್ಲೈತ್ರಿ, ನಿಮಗ ತಿಳಿಯಂಗಿಲ್ಲ ಬಿಡ್ರಿ" ಎಂದು ಮುಂದಿನ ಗಾಡಿಗೆ ಹೋದ. ನನಗೆ ತಿಳಿಯುತ್ತಿತ್ತು. ಆದರೂ ಅಷ್ಟು ಗಂಡಸರ ನಡುವೆ ನಿಂತು ಹಟ ಹಿಡಿಯಲಿಲ್ಲ. ಮಗ ಬಿದ್ದ ಸುದ್ದಿ ಬಂದಾಗ ಮೊದಲು ನೆನಪಾದದ್ದು ಅದೇ. ಆ ದಿನ ಬಾಯಿ ಮುಚ್ಚಿಕೊಂಡದ್ದಕ್ಕೆ ಇಂದು ಬರೆಯುತ್ತಿದ್ದೇನೆ ಎಂದು ತಿಳಿದರೂ ಸರಿ.

ಬ್ರೇಕ್ ಒಳಗೆ ಏನಿದೆ ಎಂಬುದನ್ನು ಗಾಡಿ ಓಡಿಸುವವರೆಲ್ಲ ಒಮ್ಮೆ ನೋಡಿರಬೇಕು. ಡ್ರಮ್ ಬ್ರೇಕಿನಲ್ಲಿ ಪೆಡಲ್ ಒಂದು ರಾಡನ್ನು ಎಳೆಯುತ್ತದೆ, ರಾಡು ಹಬ್ಬಿನ ಹೊರಗಿರುವ ಸಣ್ಣ ತೋಳನ್ನು ಎಳೆಯುತ್ತದೆ. ಆ ತೋಳು ಹಿಡಿದಿರುವುದು ಹೆಬ್ಬೆರಳ ಗಾತ್ರದ ಒಂದು ಉಕ್ಕಿನ ಕಡ್ಡಿಯನ್ನು. ಅದಕ್ಕೇ ಕ್ಯಾಮ್ ಎನ್ನುವುದು. ಕಡ್ಡಿಯ ಒಳತುದಿ ಚಪ್ಪಟೆ. ಅದು ತಿರುಗಿದಾಗ ಎರಡು ಬ್ರೇಕ್ ಶೂಗಳ (ಅರ್ಧಚಂದ್ರದಂಥ ತುಂಡುಗಳ) ನಡುವೆ ಅಡ್ಡಲಾಗಿ ನಿಂತು ಅವನ್ನು ಅಗಲಿಸಿ ಗಾಲಿಯ ಜೊತೆ ತಿರುಗುವ ಡ್ರಮ್ಮಿಗೆ ಒತ್ತುತ್ತದೆ. ಪೆಡಲ್ ಬಿಟ್ಟಾಗ ಶೂಗಳ ನಡುವಿನ ಸ್ಪ್ರಿಂಗ್ ಎರಡನ್ನೂ ಒಳಕ್ಕೆ ಎಳೆದುಕೊಂಡು ಕ್ಯಾಮನ್ನು ವಾಪಸ್ ತಿರುಗಿಸಬೇಕು. ಇಡೀ ಬ್ರೇಕ್ ಆ ಒಂದು ಕಡ್ಡಿ ಸಲೀಸಾಗಿ ತಿರುಗುವುದರ ಮೇಲೆ ನಿಂತಿದೆ.

ಕಡ್ಡಿ ಉಕ್ಕಿನದು, ಅದು ಕೂತಿರುವ ಪ್ಲೇಟು ಅಲ್ಯೂಮಿನಿಯಮ್ಮಿನದು. ನಡುವೆ ಇರುವುದು ಗ್ರೀಸಿನ ಒಂದು ತೆಳು ಪದರ ಮಾತ್ರ. ಆ ಗ್ರೀಸ್ ಒಣಗಿ ಅಲ್ಲಿಗೆ ಗದ್ದೆ ನೀರು ಸೇರಿತೆಂದರೆ ಉಕ್ಕಿಗೆ ಜಂಗು ಹತ್ತುತ್ತದೆ, ಅಲ್ಯೂಮಿನಿಯಂ ಬಿಳಿ ಪುಡಿ ಬಿಡುತ್ತದೆ, ಎರಡೂ ಕೂಡಿ ಕಡ್ಡಿಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಆಗ ಮೆಲ್ಲಗೆ ಒತ್ತಿದರೆ ಕ್ಯಾಮ್ ತಿರುಗುವುದೇ ಇಲ್ಲ. ಜೋರಾಗಿ ತುಳಿದರೆ ಒಮ್ಮೆಲೇ ತಿರುಗಿ ಗಾಲಿಯನ್ನು ಕಟ್ಟಿಹಾಕುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ನನ್ನ ಮಗನಿಗೆ ಆದದ್ದು ಇದೇ. ಕ್ಯಾಮ್ ಅರ್ಧ ತಿರುಗಿ ನಿಂತುಬಿಟ್ಟಿದ್ದಕ್ಕೇ ಪೆಡಲ್ ಖಾಲಿ ಹೋಗುತ್ತಿತ್ತು. ಅದನ್ನು ಲೂಸ್ ಎಂದು ತಿಳಿದು ನಟ್ ತಿರುವಿದರೆ, ಮೊದಲೇ ಉಜ್ಜುತ್ತಿದ್ದ ಶೂ ಇನ್ನೂ ಬಿಗಿಯಾಗಿ ಉಜ್ಜುತ್ತದೆ. ಕಾಲಿಗೆ ಮಾತ್ರ ಬ್ರೇಕ್ ಸರಿಯಾದಂತೆ ಅನ್ನಿಸುತ್ತದೆ.

ಮಗನ ಕೈಗೆ ಪ್ಲಾಸ್ಟರ್ ಹಾಕಿಸಿ ಮನೆಗೆ ಕರೆತಂದ ಮೂರನೇ ದಿನ, ಭಾನುವಾರ, ಅಪ್ಪನ ತಗಡಿನ ಪೆಟ್ಟಿಗೆ ಅಟ್ಟದಿಂದ ಇಳಿಸಿದೆ. ಬೇವಿನ ಗಿಡದ ಕೆಳಗೆ ಬೈಕನ್ನು ನಡುಸ್ಟ್ಯಾಂಡಿಗೆ ಹಾಕಿದೆವು. ಮಗ ಒಂದು ಕೈಯಲ್ಲಿ ಸಾಮಾನು ಎತ್ತಿಕೊಡುತ್ತಿದ್ದ, ನಾನು ಹಿಂದೆ ಅಪ್ಪನಿಗೆ ಕೊಟ್ಟಂತೆಯೇ. ಗಾಲಿಯನ್ನು ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೆ ನಿಲ್ಲುತ್ತಿತ್ತು. ರಾಡಿನ ನಟ್, ಬ್ರೇಕ್ ಪ್ಲೇಟನ್ನು ಹಿಡಿದಿರುವ ಉದ್ದನೆಯ ಪಟ್ಟಿಯ ಬೋಲ್ಟ್, ಆಮೇಲೆ ಆಕ್ಸಲ್ ನಟ್ ಬಿಚ್ಚಿ ಗಾಲಿ ಹೊರಗೆ ತೆಗೆದೆ. ಒಳಗಿನ ಧೂಳನ್ನು ಬಾಯಿಂದ ಊದಲು ಪಕ್ಕದ ಮನೆ ಹುಡುಗ ಬಗ್ಗಿದ, ತಡೆದೆ. ಶೂಗಳ ಮೇಲೆ ಅಂಟಿಸಿರುವ, ಡ್ರಮ್ಮಿಗೆ ಉಜ್ಜುವ ಪದರಕ್ಕೆ ಲೈನರ್ ಎನ್ನುತ್ತಾರೆ; ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಆ ಧೂಳು ಎದೆಗೆ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಗ್ಯಾರೇಜುಗಳಲ್ಲಿ ಹವಾ ಹೊಡೆದು ಧೂಳು ಹಾರಿಸುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಶೂಗಳನ್ನು ಎರಡೂ ಕೈಯಿಂದ ಪುಸ್ತಕ ಮಡಚಿದಂತೆ ಮೇಲಕ್ಕೆ ಮಡಚಿದರೆ ಸ್ಪ್ರಿಂಗ್ ಸಮೇತ ಬಿಟ್ಟುಕೊಳ್ಳುತ್ತವೆ. ಲೈನರ್ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು, ಸುಟ್ಟ ವಾಸನೆ ಇನ್ನೂ ಇತ್ತು. ಕ್ಯಾಮಿನ ಬುಡದಲ್ಲಿ ಎರೆಮಣ್ಣು ಒಣಗಿ ಇಟ್ಟಿಗೆಯಾಗಿತ್ತು. ಸ್ಕ್ರೂಡ್ರೈವರಿನಿಂದ ಕೆರೆದರೆ ಮೊದಲು ಕಪ್ಪು ಹಕ್ಕಳೆ, ಅದರ ಕೆಳಗೆ ಕೆಂಪು ಜಂಗು, ಅದರ ಕೆಳಗೆ ಉಪ್ಪಿನಂಥ ಬಿಳಿ ಪುಡಿ. ತೋಳನ್ನು ಹಿಡಿದು ತಿರುಗಿಸಿದರೆ ಪ್ಲೇಟಿನ ಸಮೇತ ತಿರುಗುತ್ತಿತ್ತು, ಕ್ಯಾಮ್ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

ಇಲ್ಲಿಯೇ ಎಲ್ಲರೂ ಕೆಡಿಸುವುದು. ಪಕ್ಕದ ಮನೆ ಹುಡುಗ ಕಬ್ಬಿಣದ ಸುತ್ತಿಗೆ ಎತ್ತಿಕೊಂಡು ಬಂದ. ಹೊಡೆದಿದ್ದರೆ ಕಡ್ಡಿಯ ತುದಿ ಅಣಬೆಯಂತೆ ಚಪ್ಪಟೆಯಾಗಿ, ತೋಳು ಕೂರುವ ಹಲ್ಲುಗಳು ಸವೆದು, ಎಂದೂ ಹೊರಗೆ ಬರುತ್ತಿರಲಿಲ್ಲ. ಅಲ್ಯೂಮಿನಿಯಂ ಪ್ಲೇಟು ಸೀಳಿದರೂ ಸೀಳೀತು. ಇನ್ನೊಬ್ಬರು ಗ್ಯಾಸ್ ಒಲೆಯ ಮೇಲೆ ಇಟ್ಟು ಕಾಯಿಸಿ ಎಂದರು. ಎಣ್ಣೆ ಹಾಕಿದ ಸಾಮಾನಿಗೆ ಬೆಂಕಿ ತೋರಿಸುವುದು ಮನೆ ಸುಡುವ ಕೆಲಸ. ಅಪ್ಪ ಹೇಳುತ್ತಿದ್ದ: "ಜಂಗಿನ ಮ್ಯಾಲ ಸಿಟ್ಟು ಮಾಡಬಾರದವಾ, ಅದಕ್ಕ ಎಣ್ಣಿ ಕುಡಿಸಿ ಮಲಗಿಸಬೇಕು."

ಹಾಗೇ ಮಾಡಿದೆ. ಜಂಗು ಬಿಡಿಸುವ ಸ್ಪ್ರೇಯನ್ನು ಕ್ಯಾಮಿನ ಎರಡೂ ಕಡೆಯ ಸಂದಿಗೆ ಹೊಡೆದೆ. ಅದು ಸಿಗದವರು ಡೀಸೆಲ್ ಬಿಟ್ಟರೂ ನಡೆಯುತ್ತದೆ, ತಡವಾಗುತ್ತದೆ ಅಷ್ಟೆ. ಶೂಗಳನ್ನು ಮಾತ್ರ ಮೊದಲೇ ತೆಗೆದು ದೂರ ಇಟ್ಟಿರಬೇಕು. ಲೈನರಿಗೆ ಒಂದು ಹನಿ ಎಣ್ಣೆ ತಾಕಿದರೂ ಅದು ಮುಗಿಯಿತು, ತೊಳೆದರೆ ಹೋಗುವುದಿಲ್ಲ. ರಾತ್ರಿಯೆಲ್ಲ ಪ್ಲೇಟನ್ನು ಹಳೆಯ ಗಂಗಾಳದಲ್ಲಿ ಅಂಗಾತ ಮಲಗಿಸಿ, ಮಲಗುವ ಮುನ್ನ ಒಮ್ಮೆ, ನಸುಕಿನಲ್ಲಿ ಎದ್ದು ಒಮ್ಮೆ ಎಣ್ಣೆ ಬಿಟ್ಟೆ. ಮುಂಜಾನೆ ಸ್ನಾನದ ನೀರು ಕುದಿಸಿದ್ದರಲ್ಲಿ ಎರಡು ತಂಬಿಗೆ ತೆಗೆದುಕೊಂಡು ಪ್ಲೇಟಿನ ಮೇಲೆ, ಕ್ಯಾಮ್ ಕೂರುವ ತೂತಿನ ಸುತ್ತ, ನಿಧಾನಕ್ಕೆ ಸುರಿದೆ. ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ತೂತು ಎಳ್ಳಷ್ಟು ದೊಡ್ಡದಾದರೂ ಸಾಕು.

ದಪ್ಪ ಬಟ್ಟೆಯಲ್ಲಿ ಹಿಡಿದು ತೋಳನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿದೆ. ನಾಲ್ಕನೇ ಸಲಕ್ಕೆ ಕಿರ್ ಎಂದಿತು. ಒಂದು ಕಡೆಗಷ್ಟೇ ಜಗ್ಗಬಾರದು. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ, ನಡುವೆ ಎರಡು ಹನಿ ಎಣ್ಣೆ. ಸಂದಿಯಿಂದ ಕಾಫಿ ಕಷಾಯದಂಥ ಕೆಂಪು ನೀರು ಇಳಿಯತೊಡಗಿತು. ಅದು ಇಳಿಯುತ್ತಿದೆ ಎಂದರೆ ಬಿಡುತ್ತಿದೆ ಎಂದೇ ಲೆಕ್ಕ. ಹತ್ತು ನಿಮಿಷಕ್ಕೆ ಕಾಲುಸುತ್ತು ಸಲೀಸಾಗಿ ತಿರುಗಿತು. ಆಗ ತೋಳಿಗೂ ಕಡ್ಡಿಗೂ ಮೊಳೆಯಿಂದ ಒಂದೇ ಗೆರೆ ಎಳೆದು ಗುರುತು ಮಾಡಿಕೊಂಡೆ, ಜೋಡಿಸುವಾಗ ಒಂದು ಹಲ್ಲು ಹೆಚ್ಚುಕಡಿಮೆ ಆದರೂ ಬ್ರೇಕ್ ಸರಿಹೋಗುವುದಿಲ್ಲ. ತೋಳಿನ ಬೋಲ್ಟನ್ನು ಪೂರ್ತಿ ಹೊರಗೆ ತೆಗೆದು, ತೋಳು ಬಿಡಿಸಿ, ಕಟ್ಟಿಗೆಯ ಕೊಡತಿಯಿಂದ ಮೆಲ್ಲಗೆ ತಟ್ಟಿದೆ. ಕ್ಯಾಮ್ ಒಳಮುಖವಾಗಿ ಜಾರಿ ನನ್ನ ಅಂಗೈಗೆ ಬಿತ್ತು. ಬಿಸಿಯಿತ್ತು. ಮಗ ಅದನ್ನು ತನ್ನ ಒಳ್ಳೆಯ ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದ. "ಇಷ್ಟ ಏನ್ ಯವ್ವಾ?" ಎಂದ.

ಅಷ್ಟೇ. ಅದರ ಮೈಮೇಲೆ ಗ್ರೀಸ್ ನಿಲ್ಲಲೆಂದು ಮಾಡಿದ ಒಂದು ಸಣ್ಣ ತೋಡು ಇರುತ್ತದೆ. ಅದರಲ್ಲಿ ಗ್ರೀಸಿನ ಗುರುತೂ ಇರಲಿಲ್ಲ, ಮಣ್ಣು ತುಂಬಿತ್ತು. ನುಣುಪು ಪಾಲಿಶ್ ಪೇಪರಿನಿಂದ ಕಡ್ಡಿಯನ್ನು ಉಜ್ಜಿ, ತೂತನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ, ಶಾಖ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿದೆ. ಕ್ಯಾಮಿನ ಚಪ್ಪಟೆ ಮುಖಕ್ಕೂ, ಶೂಗಳ ಇನ್ನೊಂದು ತುದಿ ಕೂರುವ ಪಿನ್ನಿಗೂ ಬೆರಳ ತುದಿಯಷ್ಟು. ಹೆಚ್ಚು ಮೆತ್ತಿದರೆ ಕಾದಾಗ ಕರಗಿ ಲೈನರಿಗೆ ಹೋಗುತ್ತದೆ. ಪೆಡಲ್ ಕೂರುವ ಶಾಫ್ಟೂ ಹಾಗೇ ಮಣ್ಣು ಕಚ್ಚಿತ್ತು, ಅದನ್ನೂ ತೊಳೆದು ಗ್ರೀಸ್ ಹಚ್ಚಿದೆ. ಲೈಟು ಆರದೆ ಇದ್ದದ್ದು ಅದರಿಂದಲೇ. ಹೊಸ ಶೂ, ಗ್ರೀಸ್, ಹೊಸ ಕಾಟರ್ ಪಿನ್ (ನಟ್ ಕಳಚದಂತೆ ತೂರಿಸಿ ಮಡಚುವ ತಂತಿ) ಎಲ್ಲ ಸೇರಿ 400 ರೂಪಾಯಿ ಒಳಗೆ ಮುಗಿಯಿತು.

ಜೋಡಿಸುವಾಗ ಎರಡು ಮಾತು ಮರೆಯಬಾರದು. ಬ್ರೇಕ್ ಪ್ಲೇಟನ್ನು ಹಿಡಿದಿರುವ ಆ ಉದ್ದ ಪಟ್ಟಿಯ ಬೋಲ್ಟ್ ಮತ್ತು ಅದರ ಕಾಟರ್ ಪಿನ್. ಅದು ಬಿಟ್ಟುಹೋದರೆ ಬ್ರೇಕ್ ಒತ್ತಿದ ಕೂಡಲೇ ಇಡೀ ಪ್ಲೇಟು ಗಾಲಿಯ ಜೊತೆ ತಿರುಗಿ ರಾಡನ್ನು ಕಿತ್ತುಕೊಂಡು ಹೋಗುತ್ತದೆ. ಹಳೆಯ ಪಿನ್ ನೆಟ್ಟಗೆ ಮಾಡಿ ಮತ್ತೆ ಹಾಕಬೇಡಿ. ಇನ್ನೊಂದು, ಆಕ್ಸಲ್ ನಟ್ ಬಿಗಿಯುವಾಗ ಒಬ್ಬರು ಪೆಡಲ್ ಒತ್ತಿ ಹಿಡಿದಿರಲಿ, ಆಗ ಶೂಗಳು ಡ್ರಮ್ಮಿನ ನಡುವೆ ಸರಿಯಾಗಿ ಕೂರುತ್ತವೆ. ಕೊನೆಗೆ ಪೆಡಲಿಗೆ ಎರಡರಿಂದ ಮೂರು ಸೆಂಟಿಮೀಟರ್ ಖಾಲಿ ಆಟ ಬಿಟ್ಟು ನಟ್ ನಿಲ್ಲಿಸಬೇಕು. ಗಾಲಿ ಕೈಯಿಂದ ತಿರುಗಿಸಿದರೆ ಉಜ್ಜದೆ ತಿರುಗಬೇಕು. ಮೊದಲ ಓಡಾಟ ಖಾಲಿ ರಸ್ತೆಯಲ್ಲಿ, ನಡಿಗೆಯ ವೇಗದಲ್ಲಿ.

ಡಿಸ್ಕ್ ಬ್ರೇಕ್ ಇರುವವರಿಗೆ ಇದೇ ಮದ್ದು ಹೇಳುವುದಿಲ್ಲ. ಅಲ್ಲಿಯೂ ಬ್ರೇಕ್ ಪ್ಯಾಡನ್ನು ಒತ್ತುವ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಅದನ್ನು ಹಿಡಿದಿರುವ ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗುತ್ತವೆ. ಆದರೆ ಒಳಗಿರುವುದು ರಬ್ಬರ್ ಸೀಲು. ಡೀಸೆಲ್, ಪೆಟ್ರೋಲ್, ಸಾದಾ ಗ್ರೀಸ್ ತಾಕಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಆ ನೀರಿಗೇ ಒಳಗೆ ಜಂಗು ಬರುವುದು. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುವುದನ್ನೇ ಹಾಕಬೇಕು. ಕಚ್ಚಿದ ಪಿಸ್ಟನ್ನಿಗೆ ಹವಾ ಹೊಡೆದು ತೆಗೆಯುವಾಗ ಬೆರಳು ಅಡ್ಡ ಸಿಕ್ಕರೆ ಜಜ್ಜಿಹೋಗುತ್ತದೆ. ಅದನ್ನು ಬಲ್ಲವರ ಕೈಗೆ ಬಿಡಿ.

ಇನ್ನು ಕೆಸರಿನ ಮಾತು. ಜುಲೈನಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಒಂದೂವರೆ ತಿಂಗಳು ರಸ್ತೆ ಯಾವುದು ಗದ್ದೆ ಯಾವುದು ಗೊತ್ತಾಗುವುದಿಲ್ಲ. ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಪಟ್ಟಿಯ ಗಾಲಿ) ಹಾಕಿದ ಟ್ರ್ಯಾಕ್ಟರ್ ಗದ್ದೆಯಿಂದ ಹಾಗೇ ಡಾಂಬರಿಗೆ ಹತ್ತುತ್ತದೆ. ಕಬ್ಬಿಣದ ಪಟ್ಟಿ ಡಾಂಬರನ್ನು ಕೆತ್ತುತ್ತದೆ, ಮಣ್ಣು ಬೀಳುತ್ತದೆ, ಹಿಂದೆ ಬರುವ ನೂರು ಬೈಕುಗಳ ಹಬ್ಬಿಗೆ ಅದೇ ಮಣ್ಣು ಚಿಮ್ಮುತ್ತದೆ. ನಮ್ಮ ಮನೆಯಲ್ಲೂ ಟ್ರ್ಯಾಕ್ಟರ್ ಬಾಡಿಗೆಗೆ ಕರೆಸುತ್ತೇವೆ, ರೈತರ ಅವಸರ ನನಗೆ ಗೊತ್ತು. ಆದರೂ ಗದ್ದೆಯ ಬದಿಯಲ್ಲೇ ಕೇಜ್ ವೀಲ್ ಕಳಚಿ, ಟ್ರಾಲಿಯಲ್ಲಿ ಹಾಕಿಕೊಂಡು ಬರಲು ಎಷ್ಟು ಹೊತ್ತು ಬೇಕು? ಈ ವರ್ಷ ನಮ್ಮ ಗದ್ದೆಗೆ ಬಂದವರಿಗೆ ಬಾಡಿಗೆ ಮಾತಾಡುವಾಗಲೇ ಈ ಕರಾರು ಹಾಕಿದೆವು, ಒಪ್ಪಿಕೊಂಡರು.

ಅಧಿಕಾರಿಗಳಲ್ಲೂ ಒಂದು ವಿನಂತಿ ಇದೆ. ಹೊಗೆ ತಪಾಸಣೆಯ ಚೀಟಿ ಇಲ್ಲದಿದ್ದರೆ ದಂಡ, ಹೆಲ್ಮೆಟ್ ಇಲ್ಲದಿದ್ದರೆ ದಂಡ. ಎರಡೂ ಬೇಕು, ನಾನು ತಕರಾರು ಮಾಡುವುದಿಲ್ಲ. ಆದರೆ ಸ್ವಂತ ಬಳಕೆಯ ಬೈಕಿನ ನೋಂದಣಿ ಒಮ್ಮೆ ಆಯಿತೆಂದರೆ 15 ವರ್ಷ ನಡೆಯುತ್ತದೆ. ಆ 15 ವರ್ಷದಲ್ಲಿ ಬ್ರೇಕ್ ಬಿಚ್ಚಿ ನೋಡಿದ್ದೀರಾ ಎಂದು ಕೇಳುವವರು ಯಾರೂ ಇಲ್ಲ. 2019ರ ಏಪ್ರಿಲ್‌ನಿಂದ ಹೊಸ ಬೈಕುಗಳಿಗೆ ಸಿಬಿಎಸ್ (ಒಂದು ಬ್ರೇಕ್ ಒತ್ತಿದರೆ ಎರಡೂ ಗಾಲಿಗೆ ಹಿಡಿಯುವ ವ್ಯವಸ್ಥೆ) ಇಲ್ಲವೇ ಎಬಿಎಸ್ (ಗಾಲಿ ಗಕ್ಕನೆ ನಿಲ್ಲದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಮಾಡಿದ್ದು ಒಳ್ಳೆಯ ಕೆಲಸ. ಆದರೆ ಕ್ಯಾಮ್ ಕಚ್ಚಿಕೊಂಡಿದ್ದರೆ ಸಿಬಿಎಸ್ ಏನು ಮಾಡೀತು? ನಮ್ಮ ಜಿಲ್ಲೆಯ ಐಟಿಐಗಳಲ್ಲಿ ಪಾನಾ ಹಿಡಿಯುವುದನ್ನು ಕಲಿಯುತ್ತಿರುವ ಮಕ್ಕಳಿದ್ದಾರೆ. ಜೂನ್ ತಿಂಗಳಲ್ಲಿ, ನಾಲೆಗೆ ನೀರು ಬರುವ ಮುಂಚೆ, ಒಂದೊಂದು ಸಂತೆಯ ದಿನ ಆ ಮಕ್ಕಳನ್ನು ಅವರ ಮಾಸ್ತರರ ಜೊತೆ ಕೂರಿಸಿ ಬೈಕ್ ಗಾಲಿ ಬಿಚ್ಚಿ ಕ್ಯಾಮಿಗೆ ಗ್ರೀಸ್ ಹಚ್ಚುವ ಶಿಬಿರ ಮಾಡಿ. ಸಾಮಾನಿನ ದುಡ್ಡು ಗಾಡಿಯವರೇ ಕೊಡುತ್ತಾರೆ. ಪಂಚಾಯಿತಿಯವರು ನೆರಳು, ನೀರು ಕೊಟ್ಟರೆ ಸಾಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋದಾಗ ನಮ್ಮ ಊರಲ್ಲಿ ಯಾರೂ ಮಲಗಲಿಲ್ಲ. ನಾಟಿ ಮಾಡಿದ ಸಸಿ ಉಳಿಯುತ್ತದೋ ಇಲ್ಲವೋ ಎಂದು ಕಟ್ಟೆಯ ಮೇಲೆ ಕೂತಿದ್ದೆವು. ನೀರಿನಲ್ಲಿ ನಿಂತ ಕಬ್ಬಿಣವನ್ನು ವರ್ಷ ವರ್ಷ ಮುಟ್ಟಿ ನೋಡಬೇಕು ಎಂದು ಆ ವಾರ ಎಲ್ಲರ ಬಾಯಲ್ಲೂ ಇತ್ತು. ಅಂಗಳದಲ್ಲಿ ನಿಂತ ಬೈಕಿನ ಬಗ್ಗೆ ಮಾತ್ರ ಆ ಮಾತು ಯಾರಿಗೂ ಹೊಳೆಯಲಿಲ್ಲ, ನನಗೂ.

ಗ್ಯಾರೇಜಿನ ಅಣ್ಣಂದಿರಿಗೆ ಕೈಮುಗಿದು ಕೇಳುತ್ತೇನೆ. ನಿಮ್ಮ ಮುಂದೆ ಹತ್ತು ಗಾಡಿ ಸಾಲಾಗಿ ನಿಂತಿರುತ್ತವೆ, ನಿಜ. ಟೈಮ್ ಇಲ್ಲದಿದ್ದರೆ "ಇವತ್ತು ಆಗಲ್ಲ, ಕ್ಯಾಮ್ ಜಾಮ್ ಐತಿ, ಹಂಗ ಓಡಿಸಬ್ಯಾಡ್ರಿ" ಎಂದು ಹೇಳಿ ಕಳಿಸಿ. ಬಿಚ್ಚಿದ್ದಕ್ಕೆ ಕೂಲಿ ಕೇಳಿ, ಕೊಡುತ್ತೇವೆ. ಓದುವ ಅಕ್ಕತಂಗಿಯರೇ, ಗಂಡನದೋ ಮಗನದೋ ಬೈಕು ಐದು ಕಿಲೋಮೀಟರ್ ಓಡಿ ಬಂದಾಗ ಎರಡೂ ಹಬ್ಬಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಹಿಂದಿನದು ಚುಯ್ ಎಂದು ಮುಂದಿನದು ಸುಮ್ಮನಿದ್ದರೆ ಅದೇ ದಿನ ಬಿಚ್ಚಿಸಿ. ನಿಮಗೆ ತಿಳಿಯುವುದಿಲ್ಲ ಎಂದು ಯಾರಾದರೂ ಅಂದರೆ ಅಲ್ಲಿಂದ ಕದಲಬೇಡಿ.

ಮಗನ ಪ್ಲಾಸ್ಟರ್ ತೆಗೆದದ್ದು ನಲವತ್ತು ದಿನಕ್ಕೆ. ಕೈ ಈಗ ಸರಿಯಾಗಿದೆ, ಚಳಿಗೆ ಸ್ವಲ್ಪ ನೋಯುತ್ತದೆ ಎನ್ನುತ್ತಾನೆ. ಆ ಹಳೆಯ ಶೂಗಳನ್ನು ಎಸೆದಿಲ್ಲ, ಅಂಗನವಾಡಿಗೆ ಬರುವ ತಾಯಂದಿರಿಗೆ ತೋರಿಸಲೆಂದು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಹೋದ ವಾರ ಇಬ್ಬರು ತಮ್ಮ ಮನೆಯವರನ್ನು ಬೈಕ್ ಸಮೇತ ಕರೆದುಕೊಂಡು ಬಂದಿದ್ದರು. ಒಂದರ ಕ್ಯಾಮ್ ಚೆನ್ನಾಗಿತ್ತು. ಇನ್ನೊಂದು ಈಗ ನಮ್ಮ ಬೇವಿನ ಗಿಡದ ಕೆಳಗೆ ಗಂಗಾಳದಲ್ಲಿ ಎಣ್ಣೆ ಕುಡಿಯುತ್ತಾ ಮಲಗಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಂಗನವಾಡಿ ಕಾರ್ಯಕರ್ತೆ
ಕಾರಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ